ಹಳೆಯ ವಿದ್ಯಾರ್ಥಿನಿಯರ ಸಂಘ: ಸದಸ್ಯತ್ವ ಪಡೆಯುವ ಮತ್ತು ಶಿಫಾರಸು ಮಾಡುವ ಬಗೆ

ಕಾಲೇಜು ಬಿಟ್ಟ ಮೇಲೆ ಗೆಳತಿಯರ ಬಳಗ ಚದುರುವುದು ಎಲ್ಲ ಊರುಗಳಲ್ಲಿಯೂ ಇರುವ ಸಂಗತಿ. ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ಭಾಗದಲ್ಲಿ ಚದುರಿದವರನ್ನು ಮತ್ತೆ ಹುಡುಕುವುದು ಇನ್ನಷ್ಟು ಕಷ್ಟ. ಮದುವೆಯೊಂದಿಗೆ ಊರು ಬದಲಾಗುತ್ತದೆ, ಅಡ್ಡಹೆಸರು ಬದಲಾಗುತ್ತದೆ. ಗಂಡನ ಮನೆಯಲ್ಲಿ ಹೊಸ ಹೆಸರಿಡುವ ಪದ್ಧತಿಯುಳ್ಳ ಮನೆತನಗಳಲ್ಲಿ ಮೊದಲ ಹೆಸರೂ ಉಳಿಯುವುದಿಲ್ಲ. ಕಾಲೇಜಿನ ದಾಖಲೆ ಪುಸ್ತಕದಲ್ಲಿರುವ ಹುಡುಗಿಯೂ ಇಂದಿನ ಗೃಹಿಣಿ, ಶಿಕ್ಷಕಿ ಅಥವಾ ಗ್ರಾಮ ಪಂಚಾಯಿತಿ ಸದಸ್ಯೆಯೂ ಒಬ್ಬರೇ ಎಂಬುದನ್ನು ಹೇಳಬಲ್ಲವರು ಅವರೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತವರು ಮಾತ್ರ. ಹಳೆಯ ವಿದ್ಯಾರ್ಥಿನಿಯರ ಸಂಘಗಳಲ್ಲಿ ಹಾಲಿ ಸದಸ್ಯೆಯ ಶಿಫಾರಸಿಗೆ ಬೆಲೆ ಬಂದಿರುವುದು ಈ ಕಾರಣದಿಂದ.

ಸಂಘಗಳು ಹುಟ್ಟಿದ ಹಿನ್ನೆಲೆ

ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜು, ರಾಣೆಬೆನ್ನೂರಿನ ಆರ್.ಟಿ.ಇ.ಎಸ್. ಕಾಲೇಜು, ಬ್ಯಾಡಗಿಯ ಬಿ.ಇ.ಎಸ್.ಎಂ. ಕಾಲೇಜುಗಳಂಥ ಸಂಸ್ಥೆಗಳು ಈ ಭಾಗದ ಹೆಣ್ಣುಮಕ್ಕಳಿಗೆ ಪದವಿ ಶಿಕ್ಷಣವನ್ನು ಮನೆಯಿಂದ ಹೋಗಿಬರುವಷ್ಟು ಹತ್ತಿರಕ್ಕೆ ತಂದವು. 1997ರ ಆಗಸ್ಟ್‌ನಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಮಹಿಳಾ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವೆಂದರೆ ಅದು ವಿದ್ಯಾರ್ಥಿನಿಯರದೇ ಸಂಘ. ಸಹಶಿಕ್ಷಣದ ಕಾಲೇಜುಗಳಲ್ಲಿ ಮಹಿಳೆಯರು ಒಂದು ಘಟಕವಾಗಿ ಅಥವಾ ಬೇರೆಯದೇ ಬಳಗವಾಗಿ ಸೇರಬಹುದು.

ಕಾಲೇಜುಗಳು ಇಂಥ ಸಂಘಗಳತ್ತ ಗಮನ ಹರಿಸಲು ಒಂದು ಆಡಳಿತಾತ್ಮಕ ಕಾರಣವೂ ಇದೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನ್ಯಾಕ್ ಸಂಸ್ಥೆಯು ಕಾಲೇಜುಗಳ ಮೌಲ್ಯಮಾಪನ ಮಾಡುವಾಗ ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘವಿದೆಯೇ, ಅದರ ಕೊಡುಗೆ ಏನು ಎಂದು ಕೇಳುತ್ತದೆ. ಪರಿಶೀಲನಾ ತಂಡ ಬರುವ ವರ್ಷ ಮಾತ್ರ ಜೀವ ಪಡೆದು ಮರುವರ್ಷ ಮಲಗುವ ಸಂಘದಿಂದ ಯಾರಿಗೂ ಪ್ರಯೋಜನವಿಲ್ಲ. ಸದಸ್ಯತ್ವದ ಪುಸ್ತಕ ಸರಿಯಾಗಿದ್ದರೆ ಸಂಘ ಆ ಗತಿಗೆ ಬರುವ ಸಂಭವ ಕಡಿಮೆ.

ಕಾನೂನಿನ ಚೌಕಟ್ಟು

ರಾಜ್ಯದಲ್ಲಿ ಇಂಥ ಸಂಘಗಳು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಣಿಯಾಗುತ್ತವೆ. ಕನಿಷ್ಠ 7 ಮಂದಿ, ಎಲ್ಲರೂ 18 ವರ್ಷ ತುಂಬಿದವರು, ಉದ್ದೇಶಪತ್ರ ಮತ್ತು ನಿಯಮಾವಳಿಗೆ ಸಹಿ ಹಾಕಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಈ ಕೆಲಸವನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆ. ನೋಂದಣಿಯ ನಂತರ ಪ್ರತಿವರ್ಷ ಸರ್ವಸಾಧಾರಣ ಸಭೆ ನಡೆಸಿ ಕಾರ್ಯಕಾರಿ ಮಂಡಳಿಯ ಪಟ್ಟಿಯನ್ನು ಸಲ್ಲಿಸುತ್ತಿರಬೇಕು.

ನಿಯಮಾವಳಿಯಂತೆ ಪ್ರವೇಶ ಪಡೆದವರನ್ನು ಮಾತ್ರ ಕಾಯ್ದೆ ಸದಸ್ಯರೆಂದು ಗಣಿಸುತ್ತದೆ. ಈ ಅಂಶವನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ವಾಟ್ಸ್ಆಪ್ ಗುಂಪಿನಲ್ಲಿ ಹೆಸರಿದ್ದ ಮಾತ್ರಕ್ಕೆ, ಸ್ನೇಹ ಸಮ್ಮೇಳನಕ್ಕೆ ಬಂದು ಊಟ ಮಾಡಿಹೋದ ಮಾತ್ರಕ್ಕೆ ಯಾರೂ ಸದಸ್ಯರಾಗುವುದಿಲ್ಲ. ಅರ್ಜಿ, ಶುಲ್ಕದ ರಸೀದಿ, ಸದಸ್ಯರ ಪುಸ್ತಕದಲ್ಲಿ ನಮೂದು ಈ ಮೂರೂ ಇದ್ದಾಗಲೇ ಚುನಾವಣೆಯ ದಿನ ಮತದ ಹಕ್ಕನ್ನು ಪ್ರಶ್ನಾತೀತವಾಗಿ ಕೇಳಬಹುದು. ಹಣ ಕೊಟ್ಟವರು ರಸೀದಿ ಕೇಳಲು ಸಂಕೋಚ ಪಡಬೇಕಾಗಿಲ್ಲ.

ಯಾರು ಸೇರಬಹುದು

ಅರ್ಹತೆಯನ್ನು ನಿರ್ಧರಿಸುವುದು ಆಯಾ ಸಂಘದ ನಿಯಮಾವಳಿ. ವಿವಾದ ಹುಟ್ಟುವುದೂ ಇಲ್ಲಿಯೇ. ‘ಪದವಿ ಪಡೆದವರು’ ಎಂದು ಬರೆದರೆ ಒಂದು ಅರ್ಥ, ‘ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರು’ ಎಂದು ಬರೆದರೆ ಇನ್ನೊಂದು ಅರ್ಥ. ಬಿ.ಎ. ಎರಡನೆಯ ವರ್ಷದಲ್ಲಿ ಮದುವೆಯಾಗಿ ಓದು ನಿಲ್ಲಿಸಿದವರು, ಹೆರಿಗೆಯ ಕಾರಣ ಅಂತಿಮ ಪರೀಕ್ಷೆಗೆ ಕೂರಲಾಗದವರು, ಒಂದು ವಿಷಯ ಉಳಿಸಿಕೊಂಡು ಮತ್ತೆ ಕಟ್ಟದವರು ಮೊದಲನೆಯ ವಾಕ್ಯದ ಪ್ರಕಾರ ಹೊರಗುಳಿಯುತ್ತಾರೆ. ಅವರು ಬಿಟ್ಟದ್ದು ಬುದ್ಧಿ ಸಾಲದೆ ಅಲ್ಲ; ಮನೆಯವರ ನಿರ್ಧಾರಕ್ಕೆ ಒಪ್ಪಿ ಬಿಟ್ಟವರೇ ಅವರಲ್ಲಿ ಹಲವರು. ಅಂಥವರನ್ನು ಎರಡನೆಯ ಸಲ ಬಾಗಿಲಿನಿಂದ ಕಳಿಸುವುದು ಹಳೆಯ ವಿದ್ಯಾರ್ಥಿನಿಯರ ಸಂಘಕ್ಕೆ ಶೋಭಿಸುವುದಿಲ್ಲ. ಒಂದು ಶೈಕ್ಷಣಿಕ ವರ್ಷವಾದರೂ ದಾಖಲಾಗಿ ಓದಿದವರಿಗೆ ಪೂರ್ಣ ಸದಸ್ಯತ್ವ ಎಂದು ನಿಯಮಾವಳಿಯಲ್ಲಿಯೇ ಬರೆಯುವುದು ಉತ್ತಮ.

ವಿಶ್ವವಿದ್ಯಾಲಯದ ಹೆಸರನ್ನು ಅರ್ಹತೆಗೆ ಜೋಡಿಸುವುದೂ ತೊಡಕಿನ ಮಾತು. ಹಳೆಯ ತಲೆಮಾರಿನವರ ಅಂಕಪಟ್ಟಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳಿಗಾಗಿ 2003ರಲ್ಲಿ ಆಗಿನ ಬಿಜಾಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾಯಿತು. ಈಗ ಅದು ಅಕ್ಕಮಹಾದೇವಿಯ ಹೆಸರಿನಲ್ಲಿದೆ. 2022–23ರ ಸುಮಾರಿಗೆ ಹಾವೇರಿ ವಿಶ್ವವಿದ್ಯಾಲಯ ಬಂದಿತು. ಒಂದೇ ಕಾಲೇಜಿನಲ್ಲಿ ಓದಿದ ತಾಯಿ ಮತ್ತು ಮಗಳ ಪ್ರಮಾಣಪತ್ರಗಳ ಮೇಲೆ ಬೇರೆ ಬೇರೆ ಮುದ್ರೆ ಇರಬಹುದು. ಆದುದರಿಂದ ಕಾಲೇಜಿನ ದಾಖಲಾತಿಯೇ ಆಧಾರವಾಗುವುದು ಸರಿ.

ಪಿ.ಯು. ಮುಗಿಸಿ ಹೊರಬಂದ ಎಲ್ಲ ಹುಡುಗಿಯರಿಗೂ 18 ತುಂಬಿರುವುದಿಲ್ಲ. ವಯಸ್ಸು ತುಂಬುವವರೆಗೆ ಅವರ ಅರ್ಜಿಯನ್ನು ತೆಗೆದಿರಿಸಿಕೊಳ್ಳಬಹುದು.

ಶಿಫಾರಸು ಮಾಡುವವರ ಹೊಣೆ

ಅರ್ಜಿಯಲ್ಲಿ ಒಬ್ಬ ಸದಸ್ಯೆ ಸೂಚಕರಾಗಿ, ಇನ್ನೊಬ್ಬರು ಅನುಮೋದಕರಾಗಿ ಸಹಿ ಹಾಕುವ ಕ್ರಮವನ್ನು ಅನೇಕ ಸಂಘಗಳು ಇಟ್ಟುಕೊಂಡಿರುತ್ತವೆ. ಈ ಸಹಿ ಹೇಳಬೇಕಾದದ್ದು ಇಷ್ಟೇ: ಈಕೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ನಮ್ಮ ಕಾಲೇಜಿನಲ್ಲಿ ಓದಿದವರು, ನನಗೆ ಗುರುತಿನವರು. ಅರ್ಜಿದಾರರ ಗಂಡನ ಉದ್ಯೋಗ, ಜಾತಿ, ಮನೆಯ ಅನುಕೂಲ, ಸ್ವಭಾವಗಳ ಬಗ್ಗೆ ಅಭಿಪ್ರಾಯ ಬರೆಯುವ ಅಗತ್ಯವಿಲ್ಲ, ಅಧಿಕಾರವೂ ಇಲ್ಲ.

ಸಹಿ ಹಾಕುವ ಮುನ್ನ ತವರಿನ ಹೆಸರು, ಓದಿದ ವರ್ಷ ಮತ್ತು ವಿಭಾಗಗಳನ್ನು ಕೇಳಿ ಬರೆದುಕೊಳ್ಳಬೇಕು. ವರ್ಗಾವಣೆ ಪತ್ರ ಅಥವಾ ಯಾವುದಾದರೊಂದು ವರ್ಷದ ಅಂಕಪಟ್ಟಿಯ ಪ್ರತಿ ಸಿಕ್ಕರೆ ಸಾಕು. ತವರಿನಿಂದ ಗಂಡನ ಮನೆಗೆ, ಅಲ್ಲಿಂದ ವರ್ಗವಾದ ಊರಿಗೆ ಹೋಗುವಷ್ಟರಲ್ಲಿ ಕಾಗದಪತ್ರ ಕಳೆದುಹೋಗಿರಬಹುದು. ಆಗ ಕಾಲೇಜಿನ ಕಚೇರಿಯಲ್ಲಿರುವ ದಾಖಲಾತಿ ಪುಸ್ತಕದೊಂದಿಗೆ ತಾಳೆ ನೋಡುವಂತೆ ಕಾರ್ಯದರ್ಶಿಯನ್ನು ಕೋರಬಹುದು. ಆ ಪುಸ್ತಕದಲ್ಲಿರುವುದು ತಂದೆಯ ಹೆಸರು ಮತ್ತು ತವರಿನ ಅಡ್ಡಹೆಸರು. ಮದುವೆಯ ನಂತರದ ಹೆಸರಿನಿಂದ ಹುಡುಕಿದರೆ ‘ಇಂಥವರು ಇಲ್ಲಿ ಓದಿಲ್ಲ’ ಎಂಬ ಉತ್ತರ ಬಂದೀತು.

ಗೆಳತಿಯ ದೂರವಾಣಿ ಸಂಖ್ಯೆಯನ್ನು ಆಕೆಯನ್ನು ಕೇಳದೆ ಸಂಘಕ್ಕೆ ಕೊಡುವುದು ಸಲ್ಲದು. ಮನೆಯವರೆಲ್ಲ ಬಳಸುವ ಒಂದೇ ಮೊಬೈಲ್ ಇರುವ ಕುಟುಂಬಗಳು ಹಳ್ಳಿಗಳಲ್ಲಿ ಇನ್ನೂ ಇವೆ. ಹಳೆಯ ಗೆಳೆತನದ ಸಂದೇಶ ಯಾರ ಕೈಗೆ ಮೊದಲು ಸಿಗುತ್ತದೆ ಎಂಬುದನ್ನು ಬಲ್ಲವಳು ಆಕೆ ಒಬ್ಬಳೇ.

ಸೂಚಕರು ಸಿಗದ ಅರ್ಜಿದಾರರೂ ಇರುತ್ತಾರೆ. 1970ರ ದಶಕದಲ್ಲಿ ಓದಿದವರ ಜೊತೆಗಾರ್ತಿಯರು ಸಂಘದಲ್ಲಿ ಇಲ್ಲದಿರಬಹುದು. ಇಂಥವರಿಗೆ ದಾಖಲೆಯೇ ಶಿಫಾರಸು ಎಂದು ನಿಯಮ ಮಾಡಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಅರ್ಜಿದಾರರಿಗೂ ತಿಳಿಸಬೇಕು. ಬಾಯಿಮಾತಿನ ನಿರಾಕರಣೆ ಊರಲ್ಲಿ ಬೇರೆ ರೂಪ ತಾಳುತ್ತದೆ.

ಬೇರೆಡೆಯ ಪದ್ಧತಿ

ಅಮೆರಿಕದ ಕಾಲೇಜುಗಳಲ್ಲಿ ಸೊರಾರಿಟಿ ಎಂಬ ವಿದ್ಯಾರ್ಥಿನಿಯರ ಬಳಗಗಳಿವೆ. ಜಾರ್ಜಿಯಾ ರಾಜ್ಯದ ಮೇಕನ್ ನಗರದಲ್ಲಿ 1851ರಲ್ಲಿ ಆರಂಭವಾದ ಅಡೆಲ್ಫಿಯನ್ ಸೊಸೈಟಿ ಇವುಗಳಿಗೆ ಮೂಲವೆನ್ನುತ್ತಾರೆ. ಹೊಸಬಳನ್ನು ಸೇರಿಸಿಕೊಳ್ಳಲು ಹಳೆಯ ಸದಸ್ಯೆಯ ಶಿಫಾರಸು ಪತ್ರ ಬೇಕೆನ್ನುವ ರೂಢಿ ಅಲ್ಲಿ ಬಹುಕಾಲ ನಡೆಯಿತು. ಪರಿಚಯವಿಲ್ಲದ ಕುಟುಂಬಗಳ ಹುಡುಗಿಯರಿಗೆ ಇದು ಅಡ್ಡಿಯಾಗುತ್ತದೆಂಬ ಟೀಕೆ ಬಲವಾಗಿ, 2020ರ ಆಸುಪಾಸಿನಲ್ಲಿ ಹಲವು ಸೊರಾರಿಟಿಗಳು ಇಂಥ ನಿಯಮಗಳನ್ನು ಸಡಿಲಿಸಿದವು.

ನಮ್ಮ ಪಟ್ಟಣಗಳಿಗೆ ಪರಿಚಿತವಾದ ಇನ್ನರ್ ವ್ಹೀಲ್ ಕ್ಲಬ್‌ನಲ್ಲಿಯೂ ಆಹ್ವಾನದ ಪದ್ಧತಿ ಇದೆ. 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ಈ ಸಂಸ್ಥೆ ಮೊದಲು ರೋಟರಿ ಸದಸ್ಯರ ಮನೆಯ ಮಹಿಳೆಯರಿಗೆ ಸೀಮಿತವಾಗಿತ್ತು, ನಂತರ ಇತರರಿಗೂ ತೆರೆಯಿತು. ಕ್ಲಬ್ಬಿಗೆ ಸೇರುವವರನ್ನು ಹಾಲಿ ಸದಸ್ಯರು ಆರಿಸಿಕೊಳ್ಳುತ್ತಾರೆ. ಕಾಲೇಜಿನ ಹಳೆಯ ವಿದ್ಯಾರ್ಥಿನಿಯ ಮಾತು ಹಾಗಲ್ಲ. ಆಕೆ ಓದಿದ್ದಾಗಿದೆ, ಸಂಘಕ್ಕೆ ಉಳಿದಿರುವ ಕೆಲಸ ಅದನ್ನು ಗುರುತಿಸುವುದಷ್ಟೆ. 2000ದಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸ್ತ್ರೀಶಕ್ತಿ ಗುಂಪುಗಳಲ್ಲಿ ಸಾಲದ ಹೊಣೆಯನ್ನು ಎಲ್ಲರೂ ಹೊರುವುದರಿಂದ ನಂಬಿಕೆಯವರನ್ನೇ ಆರಿಸುವುದಕ್ಕೆ ಅರ್ಥವಿದೆ. ಆ ಎಚ್ಚರಿಕೆಯನ್ನು ಇಲ್ಲಿಗೆ ತರಬೇಕಾಗಿಲ್ಲ.

ಸಭೆ ಮತ್ತು ನೋಂದಣಿಗೆ ತಕ್ಕ ಸಮಯ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಹರಿಹರ ರೈಲು ಮಾರ್ಗದಲ್ಲಿಯೇ ಇರುವುದರಿಂದ ಒಂದೂರಿನ ಸಭೆಗೆ ಇನ್ನೊಂದೂರಿನವರು ಬಂದು ಸಂಜೆಯೊಳಗೆ ಮರಳಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಹೆಚ್ಚಿರುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳನ್ನು, ಅದರಲ್ಲಿಯೂ ಸೋಮವಾರ, ಗುರುವಾರಗಳ ಮಾರುಕಟ್ಟೆ ದಿನಗಳನ್ನು ಬಿಡುವುದು ಒಳ್ಳೆಯದು. ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವರಲ್ಲಿಯೂ ಕಾಲೇಜಿನ ಮೆಟ್ಟಿಲು ಹತ್ತಿದವರಿದ್ದಾರೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ನಡೆಯುವ ದಿನಗಳಿಗೂ ಇದೇ ಮಾತು ಅನ್ವಯ.

ಹೊಸ ಸದಸ್ಯರನ್ನು ನೋಂದಾಯಿಸಲು ಶ್ರಾವಣದ ನಾಗರ ಪಂಚಮಿಗಿಂತ ಒಳ್ಳೆಯ ಸಮಯ ಈ ಭಾಗದಲ್ಲಿ ಇಲ್ಲ. ಬೆಂಗಳೂರು, ಪುಣೆಯಲ್ಲಿರುವ ಹೆಣ್ಣುಮಕ್ಕಳೂ ಆಗ ತವರಿಗೆ ಬರುತ್ತಾರೆ. ಉಂಡಿ, ಜೋಕಾಲಿಯ ನಡುವೆ ಹಳೆಯ ಗೆಳತಿಯರ ಸುದ್ದಿ ತಾನಾಗಿಯೇ ಬರುತ್ತದೆ. ಹಬ್ಬ ಮುಗಿದ ಮರುದಿನ ಕಾಲೇಜಿನಲ್ಲಿ ಅರ್ಧ ದಿನ ಸದಸ್ಯರ ಪುಸ್ತಕ ತೆರೆದಿಟ್ಟರೆ ಸೂಚಕರು, ಅನುಮೋದಕರು, ಅರ್ಜಿದಾರರು ಮೂವರೂ ಒಂದೆಡೆ ಸಿಗುತ್ತಾರೆ. ಆ ಪುಸ್ತಕದಲ್ಲಿ ಹೆಸರಿಗೆ ಎರಡು ಅಂಕಣಗಳಿರಲಿ: ಮೊದಲನೆಯದು ಕಾಲೇಜಿನ ದಾಖಲೆಯಲ್ಲಿರುವ ಹೆಸರಿಗೆ, ಎರಡನೆಯದು ಈಗ ಕರೆಯುವ ಹೆಸರಿಗೆ.