ಆರು ಓಟಗಾರ್ತಿಯರು, ಒಂದು ಶಿಬಿರ

ಉದ್ದೀಪನ ಮದ್ದಿನ ಪರೀಕ್ಷೆಗೆಂದು ಕ್ರೀಡಾಪಟು ಕೊಡುವ ಮೂತ್ರವನ್ನು ಎರಡು ಬಾಟಲಿಗಳಿಗೆ ಹಾಕಿ ಮೊಹರು ಮಾಡುತ್ತಾರೆ. ಒಂದು ‘ಎ’, ಇನ್ನೊಂದು ‘ಬಿ’. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಅದು ಯಾರದೆಂದು ಪ್ರಯೋಗಾಲಯದವರಿಗೆ ತಿಳಿಯಬಾರದು. ಫಲಿತಾಂಶ ಬಂದ ಮೇಲಷ್ಟೇ ಆ ಸಂಖ್ಯೆ ಒಂದು ಹೆಸರಾಗುತ್ತದೆ, ಒಬ್ಬರ ಹೆಸರು ಮಾತ್ರ. ಶಿಬಿರಕ್ಕೆ, ಕೋಚ್‌ಗೆ, ವೈದ್ಯರಿಗೆ, ಫೆಡರೇಷನ್ನಿಗೆ ಅಂಥ ಬಾಟಲಿ ಇಲ್ಲ.

2011ರ ಬೇಸಿಗೆಯಲ್ಲಿ ಹೀಗೆ ಹೆಸರಾಗಿ ಬದಲಾದ ಸಂಖ್ಯೆಗಳಲ್ಲಿ ಒಂದು ಅಶ್ವಿನಿ ಅಕ್ಕುಂಜಿ ಅವರದು. ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ಸಿದ್ದಾಪುರದ ಕಡೆಯ ಕೃಷಿಕರ ಮನೆಯ ಹುಡುಗಿ. ಅದಕ್ಕೆ ಎಂಟೊಂಬತ್ತು ತಿಂಗಳ ಹಿಂದೆ, 2010ರ ಅಕ್ಟೋಬರ್‌ನಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಮನದೀಪ್ ಕೌರ್ ಜೊತೆ ಓಡಿ ಚಿನ್ನ ಗೆದ್ದಿದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಓಟದ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಮರುತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಒಂದು, ರಿಲೇಯಲ್ಲಿ ಇನ್ನೊಂದು ಚಿನ್ನ. ಆಗ ನಾನು ಶಾಲೆಯಲ್ಲಿದ್ದೆ. ಪೇಪರಿನಲ್ಲಿ ಬಂದ ಆ ನಾಲ್ವರ ಫೋಟೋ ನಮ್ಮ ರಾಯಚೂರು ಸೀಮೆಯ ಶಾಲೆಗಳ ಗೋಡೆಗೂ ಅಂಟಿತ್ತು. ನಮಗೆ ಕರಾವಳಿ ದೂರದ ನಾಡು, ಆದರೂ ಅಶ್ವಿನಿ ನಮ್ಮವರೇ.

2011ರ ಜುಲೈ ಮೊದಲ ವಾರದೊಳಗೆ ಒಬ್ಬೊಬ್ಬರದೇ ಹೆಸರು ಹೊರಬಿತ್ತು: ಮನದೀಪ್ ಕೌರ್, ಜೌನಾ ಮುರ್ಮು, ಸಿನಿ ಜೋಸ್, ಟಿಯಾನಾ ಮೇರಿ ಥಾಮಸ್, ಅಶ್ವಿನಿ, ಪ್ರಿಯಾಂಕಾ ಪನ್ವಾರ್. ಆರೂ ಮಂದಿ 400 ಮೀಟರ್ ಓಟದವರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಶಿಬಿರದಲ್ಲಿ ಒಬ್ಬರೇ ಕೋಚ್ ಕೈಕೆಳಗೆ ತಯಾರಾಗುತ್ತಿದ್ದವರು. ಪತ್ತೆಯಾದ ಮದ್ದು ಮೆಥಾಂಡಿಯೆನೋನ್ ಎಂಬ ಅನಬಾಲಿಕ್ ಸ್ಟೀರಾಯ್ಡ್. ಕ್ರೀಡಾ ಸಚಿವ ಅಜಯ್ ಮಾಕನ್ ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ತೆಗೆದುಹಾಕಿದರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ನೇತೃತ್ವದಲ್ಲಿ ತನಿಖಾ ಸಮಿತಿ ಬಂತು.

ಆರು ಜನ, ಒಂದು ಶಿಬಿರ, ಒಬ್ಬ ಕೋಚ್, ಹೆಚ್ಚುಕಡಿಮೆ ಒಂದೇ ಮದ್ದು. ಸಾಮಾನ್ಯ ಬುದ್ಧಿಗೆ ಇದು ಆರು ಅಪರಾಧ ಅನ್ನಿಸುವುದಿಲ್ಲ, ಒಂದೇ ಘಟನೆ ಅನ್ನಿಸುತ್ತದೆ. ಆದರೆ ನಿಯಮದ ಕಣ್ಣಿಗೆ ಅದು ಆರು ಬೇರೆ ಬೇರೆ ಪ್ರಕರಣ.

ಓಟಗಾರ್ತಿಯರ ವಾದ ಹೀಗಿತ್ತು: ಕೋಚ್ ಚೀನಾದಿಂದ ಕೊಂಡು ತಂದ ಜಿನ್ಸೆಂಗ್ ಅನ್ನು, ಅದು ಶಕ್ತಿ ಕೊಡುವ ಬೇರಿನ ಔಷಧ ಎಂದು ನಂಬಿ ತೆಗೆದುಕೊಂಡೆವು, ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ, ಅಂದರೆ ನಾಡಾದ, ಶಿಸ್ತು ಸಮಿತಿ 2011ರ ಡಿಸೆಂಬರಿನಲ್ಲಿ ಈ ಮಾತನ್ನು ಬಹುಮಟ್ಟಿಗೆ ಒಪ್ಪಿ ಎರಡು ವರ್ಷದ ಬದಲು ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಫೆಡರೇಷನ್ ಸ್ವಿಟ್ಜರ್ಲೆಂಡಿನ ಲಾಸೇನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿ ಹೋಯಿತು. 2012ರ ಜುಲೈನಲ್ಲಿ ಆ ಮಂಡಳಿ ಆರೂ ಜನರ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿತು. ಕೋಚ್ ಕೊಟ್ಟದ್ದು ಎಂಬ ಕಾರಣವೊಂದೇ ಸಾಲದು, ತಿನ್ನುವವರು ತಾವೇ ವಿಚಾರಿಸಿಕೊಳ್ಳಬೇಕಿತ್ತು ಎಂಬುದು ಅದರ ನಿಲುವು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. 2010ರ ಪದಕಗಳು ಮಾತ್ರ ಉಳಿದವು.

ಕಾನೂನಾಗಿ ನೋಡಿದರೆ ಮಂಡಳಿಯ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ ಎಂಬ ಕಟ್ಟುನಿಟ್ಟು ಇಲ್ಲದಿದ್ದರೆ ಕದ್ದು ಸೂಜಿ ಚುಚ್ಚಿಸಿಕೊಂಡವರೂ ಕೋಚ್ ಕಡೆ ಬೆರಳು ತೋರಿಸಿ ಪಾರಾಗುತ್ತಾರೆ. ಆದರೆ ಶಿಕ್ಷೆ ಕೊಡಲು ಸಾಕಾಗುವ ಉತ್ತರ, ಏನು ನಡೆಯಿತು ಎಂದು ತಿಳಿಯಲು ಸಾಕಾಗುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ಆಟದ ಮೈದಾನವಲ್ಲ, ನೀರಿನ ನಾಲೆ. ತುಂಗಭದ್ರಾ ಎಡದಂಡೆ ನಾಲೆಯ ಆಡಳಿತ ನನ್ನ ಪಿಎಚ್.ಡಿ. ವಿಷಯ. ನಮ್ಮೂರು ಸಂತೆಕಲ್ಲೂರಿನಿಂದ ಮಸ್ಕಿ ದಾಟಿ ಸಿಂಧನೂರಿನ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಭತ್ತ. ನಾಲೆಯ ಯೋಜನೆ ಮಾಡಿದವರ ಲೆಕ್ಕದಲ್ಲಿ ಇಷ್ಟು ಭತ್ತ ಇರಲೇ ಇಲ್ಲ. ಹೆಚ್ಚು ಜಮೀನಿಗೆ ಸ್ವಲ್ಪ ಸ್ವಲ್ಪ ನೀರು, ಜೋಳ ಹತ್ತಿಯಂಥ ಬೆಳೆ ಎಂಬುದು ಅವರ ಲೆಕ್ಕ. ಮೇಲ್ಭಾಗದಲ್ಲಿ ಭತ್ತ ನಿಂತದ್ದರಿಂದ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ಹೊಲಗಳಿಗೆ ನೀರು ಮುಟ್ಟುವುದಿಲ್ಲ. ಗಲಾಟೆ ಜೋರಾದಾಗ ಅಧಿಕಾರಿಗಳು ಬಂದು ನಾಲೆಗೆ ಹಚ್ಚಿದ ಪಂಪ್‌ಸೆಟ್ ಕೀಳಿಸುತ್ತಾರೆ. ಪಂಪ್‌ಸೆಟ್ಟಿಗೆ ಒಬ್ಬ ಒಡೆಯ ಇರುತ್ತಾನೆ, ಕೇಸು ಅವನ ಮೇಲೆ. ಭತ್ತ ಕೊಳ್ಳುವ ಮಿಲ್ಲು, ಭತ್ತಕ್ಕೇ ಸಾಲ ಕೊಡುವ ವ್ಯಾಪಾರಿ, ಮೇಲಿನ ರೈತರ ಓಟು ಬೇಕಾದ ನಾಯಕ, ವರ್ಷವೆಲ್ಲ ಕಂಡೂ ಕಾಣದಂತೆ ಇದ್ದ ಇಲಾಖೆ ಇವರಾರೂ ಆ ಕಡತದಲ್ಲಿ ಇರುವುದಿಲ್ಲ. ಹಾಗಂತ ಪಂಪ್‌ಸೆಟ್ ಹಚ್ಚಿದವನು ನಿರಪರಾಧಿಯೇ? ಕೊನೆ ಭಾಗದ ರೈತನನ್ನು ಕೇಳಿ ನೋಡಿ!

ಸೈಕಲ್ ರೇಸಿನ ಇತಿಹಾಸ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಕಡತಗಳೇ. ನಮ್ಮಲ್ಲಿ ಸೈಕಲ್ ಎಂದರೆ ವಿಜಯಪುರ, ಬಾಗಲಕೋಟೆ. ಅಲ್ಲಿನ ಹುಡುಗ ಹುಡುಗಿಯರು ರಾಜ್ಯಕ್ಕೆ ದಶಕಗಳಿಂದ ಪದಕ ತರುತ್ತಿದ್ದಾರೆ. ಆದರೆ ಉದ್ದೀಪನ ಮದ್ದು ವ್ಯಕ್ತಿಯ ಕಳ್ಳತನವೋ ಇಡೀ ವ್ಯವಸ್ಥೆಯ ರೂಢಿಯೋ ಎಂಬ ಜಗಳ ಎಲ್ಲಕ್ಕಿಂತ ದೀರ್ಘವಾಗಿ ನಡೆದದ್ದು ಫ್ರಾನ್ಸಿನ ಸೈಕಲ್ ರೇಸಾದ ಟೂರ್ ಡಿ ಫ್ರಾನ್ಸ್ ಸುತ್ತ. 1924ರಲ್ಲೇ ಆನ್ರಿ ಪೆಲಿಸಿಯೆ ಮತ್ತು ಅವರ ತಮ್ಮ ಫ್ರಾನ್ಸಿಸ್ ರೇಸು ಬಿಟ್ಟು ಹೊರಬಂದು, ತಮ್ಮ ಚೀಲದಲ್ಲಿದ್ದ ಕೊಕೇನ್, ಕ್ಲೋರೋಫಾರ್ಮ್, ಗುಳಿಗೆಗಳನ್ನು ಪತ್ರಕರ್ತ ಅಲ್ಬೇರ್ ಲೋಂದ್ರ್ ಅವರಿಗೆ ತೆಗೆದು ತೋರಿಸಿದ್ದರು. ಅವರು ನಡುವೆ ಬಿಟ್ಟ ಆ ಒಂದು ದಿನದ ಹಾದಿ 405 ಕಿಲೋಮೀಟರ್. ಇಷ್ಟು ದೂರ ಬರೀ ಅನ್ನ ನೀರಿನ ಮೇಲೆ ತುಳಿಯಲಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಅದನ್ನು ಅವರು ಕೇಳಿದ್ದು ರೇಸು ನಡೆಸುವವರನ್ನು. ಉತ್ತರ ಬರಲಿಲ್ಲ. 1967ರಲ್ಲಿ ಇಂಗ್ಲೆಂಡಿನ ಟಾಮ್ ಸಿಂಪ್ಸನ್ ವೆಂಟೂ ಬೆಟ್ಟದ ಏರಿನಲ್ಲಿ ಬಿದ್ದು ಸತ್ತರು. ಮೈಯಲ್ಲಿ ಆಂಫೆಟಮೈನ್ ಇತ್ತು.

1998ರ ಜುಲೈನಲ್ಲಿ ಫೆಸ್ಟಿನಾ ತಂಡದ ಕಾರನ್ನು ಬೆಲ್ಜಿಯಂ ಗಡಿಯಲ್ಲಿ ಕಸ್ಟಮ್ಸ್‌ನವರು ತಡೆದರು. ಕಾರಿನ ತುಂಬ ಮದ್ದು, ನಡೆಸುತ್ತಿದ್ದವರು ತಂಡದ ಮಾಲೀಶು ಮಾಡುವ ವಿಲ್ಲಿ ವೂಟ್. ಇಲ್ಲಿ ಮೊದಲು ಸಿಕ್ಕಿದ್ದು ಮೂತ್ರದ ಬಾಟಲಿಯಲ್ಲ, ಕಾರು ಎಂಬುದನ್ನು ಗಮನಿಸಬೇಕು. ಬಾಟಲಿ ಸಿಕ್ಕಿದ್ದರೆ ಒಬ್ಬ ಸವಾರ ಮನೆಗೆ ಹೋಗುತ್ತಿದ್ದ, ರೇಸು ಮುಂದುವರಿಯುತ್ತಿತ್ತು. ಕಾರು ಸಿಕ್ಕಿದ್ದರಿಂದ ಮದ್ದು ತಂಡದ ಖರ್ಚಿನ ಬಾಬತ್ತಾಗಿತ್ತು ಎಂಬುದು ಹೊರಬಂತು. 2000ದಲ್ಲಿ ಲೀಲ್ ನಗರದ ನ್ಯಾಯಾಲಯ ತಂಡದ ನಿರ್ದೇಶಕ ಬ್ರೂನೋ ರುಸೆಲ್‌ಗೂ ವೂಟ್‌ಗೂ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ವಿಧಿಸಿತು. ಅದೇ ವರ್ಷ ಬರ್ಲಿನ್ನಿನ ನ್ಯಾಯಾಲಯ ಹಳೆಯ ಪೂರ್ವ ಜರ್ಮನಿಯ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹ್ಯೋಪ್ನರ್ ಅವರನ್ನು ತಪ್ಪಿತಸ್ಥರೆಂದು ಸಾರಿತು. ಅಲ್ಲಿ ಹದಿಹರೆಯದ ಹುಡುಗಿಯರಿಗೆ ವಿಟಮಿನ್ ಎಂದು ಹೇಳಿ ಸ್ಟೀರಾಯ್ಡ್ ಕೊಟ್ಟಿದ್ದರು. ಆ ನ್ಯಾಯಾಲಯದ ಮುಂದೆ ಕ್ರೀಡಾಪಟುಗಳು ಆರೋಪಿಗಳಲ್ಲ, ಬಾಧಿತರು.

ಇಷ್ಟಾದರೂ ‘ವ್ಯವಸ್ಥೆ’ ಎಂಬ ಮಾತಿನ ಬಗ್ಗೆ ನನಗೆ ಗುಮಾನಿ ಇದೆ. ಆ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು ಲಾನ್ಸ್ ಆರ್ಮ್‌ಸ್ಟ್ರಾಂಗ್. 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ ವರದಿಯ ಮೇಲೆ ಅವರ ಏಳು ಟೂರ್ ಪ್ರಶಸ್ತಿಗಳು ಹೋದವು. ಮರುವರ್ಷ ಟಿವಿಯಲ್ಲಿ ಕುಳಿತು, ಆ ಕಾಲದಲ್ಲಿ ಮದ್ದಿಲ್ಲದೆ ಏಳು ಸಲ ಗೆಲ್ಲುವುದು ಸಾಧ್ಯವೇ ಇರಲಿಲ್ಲ, ಅದು ತಾನು ಹುಟ್ಟುಹಾಕಿದ ರೂಢಿಯಲ್ಲ ಎಂಬರ್ಥದಲ್ಲಿ ಮಾತಾಡಿದರು. ಒಂದರ್ಥದಲ್ಲಿ ನಿಜ: ಕಿತ್ತುಕೊಂಡ ಏಳು ಪ್ರಶಸ್ತಿಗಳನ್ನು ಎರಡನೆಯವರಿಗೆ ಕೊಡಲೂ ಸಂಘಟಕರಿಗೆ ಧೈರ್ಯವಾಗಲಿಲ್ಲ. 1999ರಿಂದ 2005ರವರೆಗೆ ಟೂರ್‌ನ ದಾಖಲೆಯಲ್ಲಿ ವಿಜೇತರ ಜಾಗ ಖಾಲಿ.

ಆದರೆ ಅದೇ 1999ರಲ್ಲಿ ಕ್ರಿಸ್ತೋಫ್ ಬಾಸ್ಸೋನ್ ಎಂಬ ಸವಾರನೂ ರಸ್ತೆಯಲ್ಲಿದ್ದ. ಹಿಂದಿನ ವರ್ಷ ಫೆಸ್ಟಿನಾ ತಂಡದಲ್ಲಿದ್ದುಕೊಂಡೇ ಮದ್ದು ಮುಟ್ಟದವನು. ಹಾಗೆಂದು ಪೊಲೀಸರಿಗೆ ಹೇಳಿದವರು ಅವನ ಜೊತೆಗಾರರೇ. 1999ರ ಟೂರ್ ನಡೆಯುವಾಗ ಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತ, ಈಗಲೂ ವೇಗ ಅನುಮಾನ ಹುಟ್ಟಿಸುವಂತಿದೆ ಎಂದ. ಆರ್ಮ್‌ಸ್ಟ್ರಾಂಗ್ ರೇಸಿನ ನಡುವೆ ಪಕ್ಕಕ್ಕೆ ಬಂದು, ಮನೆಗೆ ಹೋಗು ಎಂದರು. ಉಳಿದ ಸವಾರರು ಮಾತು ಬಿಟ್ಟರು. ಬಾಸ್ಸೋನ್ ಕೆಲವೇ ದಿನಗಳಲ್ಲಿ ಟೂರ್ ಬಿಟ್ಟ. ಅವನ ಕಥೆಗೆ ಒಂದು ವಿಚಿತ್ರ ಬಾಲವಿದೆ: 2012ರಲ್ಲಿ, ಆರ್ಮ್‌ಸ್ಟ್ರಾಂಗ್ ಬಿದ್ದ ಅದೇ ವರ್ಷ, ಮೌಂಟನ್ ಬೈಕ್ ಸ್ಪರ್ಧೆಯೊಂದನ್ನು ಅರ್ಧಕ್ಕೆ ಬಿಟ್ಟು ಹೋದ ಬಾಸ್ಸೋನ್ ಪರೀಕ್ಷೆಗೆ ಹಾಜರಾಗಲಿಲ್ಲವೆಂದು ಅವನ ಮೇಲೂ ಒಂದು ವರ್ಷ ನಿಷೇಧ ಬಿತ್ತು, ಆಮೇಲೆ ಅದನ್ನು ಒಂದು ತಿಂಗಳಿಗೆ ಇಳಿಸಿದರು.

ಬಾಸ್ಸೋನ್ ಒಬ್ಬನಿದ್ದ ಎಂಬುದೇ ‘ಎಲ್ಲರೂ ಮಾಡುತ್ತಿದ್ದರು’ ಎಂಬ ಮಾತಿಗೆ ಎದುರು ಸಾಕ್ಷಿ. ‘ಬೇಡ’ ಅನ್ನಬಹುದಿತ್ತು. ಆದರೆ ಅದಕ್ಕೆ ಬೆಲೆ ಇತ್ತು, ಆ ಬೆಲೆ ಗೊತ್ತುಮಾಡಿದವರಿಗೆ ಹೆಸರುಗಳಿದ್ದವು. ಆರ್ಮ್‌ಸ್ಟ್ರಾಂಗ್ ವ್ಯವಸ್ಥೆಯ ಕೈಗೆ ಸಿಕ್ಕಿದವರಲ್ಲ, ಅವರೇ ವ್ಯವಸ್ಥೆಯ ಒಂದು ಕಂಬ. ವ್ಯವಸ್ಥೆ ಎಂದರೆ ಊರ ಮೇಲೆ ಕವಿದ ಮಂಜಲ್ಲ. ಯಾರೋ ಕೊಂಡು ತರುತ್ತಾರೆ, ಯಾರೋ ಹಂಚುತ್ತಾರೆ, ಯಾರೋ ಸಹಿ ಹಾಕುತ್ತಾರೆ, ಯಾರೋ ಕಂಡರೂ ಸುಮ್ಮನಿರುತ್ತಾರೆ. ಅಮೆರಿಕದ ಆ ಸಂಸ್ಥೆ ಮಾಡಿದ ಒಳ್ಳೆಯ ಕೆಲಸವೆಂದರೆ ಸವಾರನ ಜೊತೆಗೇ ತಂಡದ ನಿರ್ದೇಶಕ ಯೋಹಾನ್ ಬ್ರೂನೀಲ್, ವೈದ್ಯ ಮಿಕೆಲೆ ಫೆರಾರಿ ಮೊದಲಾದವರ ಮೇಲೂ ಹೆಸರು ಹಿಡಿದು ಪ್ರಕರಣ ಹೂಡಿದ್ದು.

ಪಟಿಯಾಲಕ್ಕೆ ಈ ಅಳತೆಗೋಲು ಇಟ್ಟು ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆಯಾಗುತ್ತದೆ. ಅಲ್ಲಿ ‘ಬೇಡ’ ಅನ್ನುವ ಶಕ್ತಿ ಯಾರಿಗೆ ಎಷ್ಟಿತ್ತು? ರಿಲೇಯಲ್ಲಿ ಓಡುವವರು ನಾಲ್ವರು, ಶಿಬಿರದಲ್ಲಿದ್ದವರು ಅದಕ್ಕಿಂತ ಹೆಚ್ಚು. ಯಾರು ಓಡಬೇಕೆಂಬುದರಲ್ಲಿ ಕೋಚ್ ಮಾತಿಗೆ ತೂಕ. ತಿಂಗಳುಗಟ್ಟಲೆ ಮನೆ ಬಿಟ್ಟು ಅಲ್ಲೇ ವಾಸ. ಪದಕ ಬಂದರೆ ಬಹುಮಾನ, ಕ್ರೀಡಾ ಕೋಟಾದ ನೌಕರಿ, ಇಡೀ ಮನೆಗೆ ಆಸರೆ. ಹಳ್ಳಿಯಿಂದ ಬಂದ ಇಪ್ಪತ್ತಮೂರು ವರ್ಷದವಳು ಕೋಚ್ ಕೈಯಿಂದ ಗುಳಿಗೆ ತೆಗೆದುಕೊಂಡು, ‘ಸರ್, ಇದರ ಪ್ರಯೋಗಾಲಯದ ವರದಿ ತೋರಿಸಿ’ ಎಂದು ಕೇಳಬೇಕಿತ್ತು ಎಂದು ನಿಯಮ ಹೇಳುತ್ತದೆ. ಕೇಳಬೇಕಿತ್ತು, ಹೌದು. ಅವಳಿಗಿಂತ ಮೊದಲು ಕೇಳಬೇಕಾದವರು, ಸಂಬಳ ತೆಗೆದುಕೊಂಡು ಕೇಳಬೇಕಾದವರು, ಆ ಸಂಸ್ಥೆಯಲ್ಲಿ ಎಷ್ಟೋ ಜನ ಇದ್ದರು.

ಮುಂದೆ ಆದದ್ದನ್ನು ನೋಡಿ. 2014ರ ಇಂಚಿಯಾನ್ ಏಷ್ಯನ್ ಕೂಟದಲ್ಲಿ ಭಾರತದ ಮಹಿಳೆಯರು ಮತ್ತೆ ರಿಲೇ ಚಿನ್ನ ಗೆದ್ದರು. ಆ ತಂಡದಲ್ಲಿ ಶಿಕ್ಷೆ ಮುಗಿಸಿ ಬಂದ ಮನದೀಪ್, ಪ್ರಿಯಾಂಕಾ ಇದ್ದರು, ಮಂಗಳೂರಿನ ಎಂ.ಆರ್. ಪೂವಮ್ಮ ಇದ್ದರು. 2011ರಲ್ಲಿ ಮನೆಗೆ ಕಳಿಸಿದ್ದ ಕೋಚ್ ಒಗೊರೊದ್ನಿಕ್ ಅವರನ್ನೂ ಅಷ್ಟರೊಳಗೆ ಮರಳಿ ಕರೆಸಿಕೊಳ್ಳಲಾಗಿತ್ತು. ಅವರ ಮೇಲೆ ಹೊಸ ಆರೋಪ ಹೊರಿಸಲು ಈ ಮಾತು ಹೇಳುತ್ತಿಲ್ಲ. ಓಟಗಾರ್ತಿಯರಿಗಾದರೆ ವಿಚಾರಣೆ, ಮೇಲ್ಮನವಿ, ತೀರ್ಪು ಎಲ್ಲ ಇತ್ತು. ಕೋಚ್ ವಿಷಯದಲ್ಲಿ ಒಂದು ಆಡಳಿತಾತ್ಮಕ ಆದೇಶ ಕಳಿಸಿತು, ಇನ್ನೊಂದು ಕರೆಸಿತು. 2016ರಲ್ಲಿ ಪ್ರಿಯಾಂಕಾ ಎರಡನೇ ಸಲ ಸಿಕ್ಕಿಬಿದ್ದು ಎಂಟು ವರ್ಷ ನಿಷೇಧಕ್ಕೊಳಗಾದರು. ಪೂವಮ್ಮ ಅವರ 2021ರ ಮಾದರಿಯಲ್ಲಿ ಮೀಥೈಲ್‌ಹೆಕ್ಸಾನಮೈನ್ ಸಿಕ್ಕಿತು. ಮೊದಲು ಮೂರು ತಿಂಗಳಿದ್ದ ಶಿಕ್ಷೆಯನ್ನು 2022ರಲ್ಲಿ ಮೇಲ್ಮನವಿ ಸಮಿತಿ ಎರಡು ವರ್ಷ ಮಾಡಿತು. ಜಾಗತಿಕ ಸಂಸ್ಥೆ ವಾಡಾದ 2023ರ ಅಂಕಿಅಂಶದಂತೆ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ಮದ್ದು ಕಂಡಿತು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಪೈಕಿ ಇದು ಅತಿ ಹೆಚ್ಚಿನ ಪ್ರಮಾಣ. 213 ಸಂಖ್ಯೆಗಳು, 213 ಕಡತಗಳು.

ಕಡತ ಓದುವುದೇ ಕೆಲಸವಾದ ನನ್ನಂಥವನಿಗೆ ಅಶ್ವಿನಿಯವರ ಪ್ರಕರಣದಲ್ಲಿ ಓದಬೇಕೆನ್ನಿಸುವ ಕಾಗದ ಬೇರೆಯೇ. ಲಾಸೇನ್‌ನ ತೀರ್ಪಲ್ಲ, ಶಿಬಿರದ ಸ್ಟೋರ್ ರಿಜಿಸ್ಟರು. 2011ರ ಮೊದಲ ಆರು ತಿಂಗಳಲ್ಲಿ ಆ ಆರು ಜನರಿಗೆ ಯಾವ ಯಾವ ಪೂರಕ ಆಹಾರ ಕೊಡಲಾಗಿತ್ತು, ಕೊಟ್ಟವರು ಯಾರು, ಅದು ಯಾವ ದಿನ ಮುಗಿಯಿತು, ಹೊಸದು ಬೇಕೆಂದು ಯಾರಾದರೂ ಬರೆದು ಕೇಳಿದ್ದರೇ, ಕೇಳಿದ್ದರೆ ಆ ಚೀಟಿ ಯಾರ ಮೇಜಿನ ಮೇಲೆ ನಿಂತಿತು.