ಗದುಗಿನ ಅಂಧರ ಗಾನಶಾಲೆ

ಕುರುಡು ಮಕ್ಕಳಿಗೆ ಭಿಕ್ಷೆಯೊಂದೇ ಗತಿಯೆಂದು ಲೋಕವು ನಂಬಿದ್ದ ಕಾಲದಲ್ಲಿ, ಹುಟ್ಟುಗುರುಡರಾದ ಪಂಚಾಕ್ಷರ ಗವಾಯಿಗಳು (1892–1944) ಬೇರೆ ದಾರಿಯನ್ನು ತೋರಿದರು. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ಣಾಟಕ ಹಿಂದೂಸ್ತಾನೀ ಪದ್ಧತಿಗಳೆರಡನ್ನೂ ಸಾಧಿಸಿ 'ಉಭಯಗಾನವಿಶಾರದ'ರೆನಿಸಿದ ಅವರು, ಅಂಧರೂ ಅನಾಥರೂ ಆದ ಬಾಲಕರನ್ನು ಕೂಡಿಕೊಂಡು ಊರೂರು ಸಂಚರಿಸುತ್ತಲೇ ಪಾಠ ಹೇಳಿದರು. ಆ ಶಾಲೆಗೆ ಗೋಡೆಗಳಿರಲಿಲ್ಲ. ಜನರ ದಾನವೇ ಅದರ ನಿಧಿ. ಶಿಷ್ಯರ ಪೋಷಣೆಗಾಗಿ ನಾಟಕ ಮಂಡಳಿಯನ್ನೂ ಕಟ್ಟಿದರು. ಗಾನಗುರುವಿಗೆ ರಂಗಭೂಮಿಯ ಸಹವಾಸವೇಕೆ ಎನ್ನಬಹುದು. ಹಸಿದ ಮಕ್ಕಳ ಕಂಠದಲ್ಲಿ ಶ್ರುತಿಯು ನಿಲ್ಲುವುದೆಂತು? ಕಡೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಶಾಲೆಯು ನೆಲೆಗೊಂಡಿತು. ಬಸವರಾಜ ರಾಜಗುರುಗಳು ಈ ಗುರುವಿನ ಶಿಷ್ಯರೇ. 1944ರ ತರುವಾಯ 2010ರಲ್ಲಿ ದೇಹಬಿಡುವವರೆಗೂ ಆಶ್ರಮದ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು. ಅವರೂ ಅಂಧರೇ, ಬಾಲ್ಯದಲ್ಲಿ ಅದೇ ಗುರುವಿನ ಮುಂದೆ ಕುಳಿತು ಸ್ವರ ತಿದ್ದಿಕೊಂಡವರು.