ಊರಿಗೆ ರೋಗ ಬಂದರೂ ಕೆಲಸ ನಿಲ್ಲಬಾರದು



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಸಂಘದ ಏಳಿಗೆಯ ಬಗ್ಗೆ ಹಿರಿಯರು ಈ ಸಂಚಿಕೆಯಲ್ಲಿ ಬರೆದೇ ಇದ್ದಾರೆ. ನಾನು ಬೇರೊಂದು ವಿಷಯ ಹೇಳುತ್ತೇನೆ. ಸಾಂಕ್ರಾಮಿಕ ರೋಗ ಬಂದಾಗ ಸಂಸ್ಥೆಗಳು ತಮ್ಮ ಕೆಲಸ ಹೇಗೆ ನಡೆಸಿಕೊಂಡು ಬಂದವು ಎಂಬುದೇ ಆ ವಿಷಯ.

ಪ್ಲೇಗಿನ ಮಾತು ನಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದ್ದೇವೆ. 1898ರ ಆಗಸ್ಟ್‌ನಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಿತು. ಆಗ ಪ್ಲೇಗ್ ನಿವಾರಣೆಯ ಕೆಲಸಕ್ಕೆಂದೇ ನಗರದಲ್ಲಿ ದೂರವಾಣಿ ತಂತಿ ಎಳೆಸಿದರು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಹೋಗಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿದರು. ಹಳ್ಳಿಗಳಲ್ಲಿ ಇಲಿ ಬಿದ್ದ ಸುದ್ದಿ ಬಂದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಉಳುಮೆ, ಕರು-ಹಸುಗಳ ಆರೈಕೆ ಅಲ್ಲಿಂದಲೇ ನಡೆಯುತ್ತಿತ್ತು. ಓದು ಬಾರದ ನಮ್ಮ ಹಿರಿಯರಿಗೂ ಒಂದು ಏರ್ಪಾಟು ಗೊತ್ತಿತ್ತು ಅನ್ನೋದಕ್ಕೆ ಇದೇ ಸಾಕ್ಷಿ.

1918ರ ಇನ್‌ಫ್ಲುಯೆಂಜಾ ಇನ್ನೊಂದು ಪಾಠ ಕಲಿಸಿತು. ನಮ್ಮ ದೇಶದಲ್ಲಿ ಅದಕ್ಕೆ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು. ಅಮೆರಿಕದಲ್ಲಿ ಟೆಲಿಫೋನ್ ಆಪರೇಟರುಗಳೇ ಕಾಯಿಲೆ ಬಿದ್ದರು. ಅಗತ್ಯವಿದ್ದರೆ ಮಾತ್ರ ಕರೆ ಮಾಡಿ ಎಂದು ಕಂಪನಿಗಳು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಬೇಡಿಕೊಂಡವು. ತಂತಿ ಇತ್ತು, ಯಂತ್ರ ಇತ್ತು, ಕೂತು ನಡೆಸೋ ಜನ ಇರಲಿಲ್ಲ! ಬೆಂಕಿ, ನೆರೆ ಬಂದರೆ ಕಟ್ಟಡ ಹೋಗುತ್ತದೆ. ಸಾಂಕ್ರಾಮಿಕದಲ್ಲಿ ಕಟ್ಟಡ ಹಾಗೇ ಇರುತ್ತದೆ, ಕೈಗಳು ಇಲ್ಲವಾಗುತ್ತವೆ.

ಈ ಪಾಠವನ್ನು ದೊಡ್ಡ ಕಂಪನಿಗಳು ಆಮೇಲೆ ಚೆನ್ನಾಗಿ ಕಲಿತವು. 2003ರಲ್ಲಿ ಸಾರ್ಸ್ ರೋಗ ಬಂದಾಗ ಸಿಂಗಪುರದ ಕಂಪನಿಗಳು ನೌಕರರನ್ನು ಎರಡು ತಂಡ ಮಾಡಿದವು. ಒಂದು ತಂಡ ಇನ್ನೊಂದರ ಮುಖ ನೋಡುವಂತಿರಲಿಲ್ಲ. ಒಂದಕ್ಕೆ ರೋಗ ತಗುಲಿದರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕ. 2020ರ ಮಾರ್ಚ್‌ನಲ್ಲಿ ನಮ್ಮ ರಿಸರ್ವ್ ಬ್ಯಾಂಕೂ ಇದನ್ನೇ ಮಾಡಿತು. ಸುಮಾರು 150 ಮಂದಿ ಅಧಿಕಾರಿಗಳು, ಸಿಬ್ಬಂದಿ ಮನೆ-ಮಠ ಬಿಟ್ಟು ಪ್ರತ್ಯೇಕವಾಗಿ ಉಳಿದು ದೇಶದ ಹಣ ವರ್ಗಾವಣೆ ನಿಲ್ಲದಂತೆ ನೋಡಿಕೊಂಡರು. ನಮ್ಮ ಹಾಲಿನ ಬಟವಾಡೆ ಆಗ ಬ್ಯಾಂಕ್ ಖಾತೆಗೆ ಬಂದದ್ದರ ಹಿಂದೆ ಇಂಥವರ ದುಡಿಮೆಯೂ ಇದೆ.

ಹಾಲಿನ ವಿಷಯಕ್ಕೇ ಬರೋಣ. ಲಾಕ್‌ಡೌನ್ ಆದರೆ ಅಂಗಡಿಗೆ ಬೀಗ ಹಾಕಬಹುದು, ಎಮ್ಮೆ ಕೆಚ್ಚಲಿಗೆ ಬೀಗ ಹಾಕೋಕಾಗುತ್ತಾ? ಹೋಟೆಲು, ಮದುವೆ ನಿಂತು ಹಾಲಿಗೆ ಬೇಡಿಕೆ ಕುಸಿಯಿತು. ಹೆಚ್ಚುವರಿ ಹಾಲನ್ನು ಪುಡಿ ಮಾಡಿದರು. 2020ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹಾಲು ಕೊಂಡು ಕೊಳೆಗೇರಿಯ ಬಡವರಿಗೆ ಉಚಿತವಾಗಿ ಹಂಚಿತು. ನಮ್ಮ ಡೇರಿ ಮುಂದೆ ಸುಣ್ಣದ ಗುಂಡು ಬರೆದು, ದೂರ ದೂರ ಕ್ಯಾನು ಇಟ್ಟು ನಿಂತದ್ದು ನಿಮಗೆಲ್ಲ ನೆನಪಿದೆ.

ಆದರೆ ಬಚ್ಚಿಡದೆ ಒಂದು ಮಾತು ಹೇಳಲೇಬೇಕು. 2021ರ ಎರಡನೇ ಅಲೆಯಲ್ಲಿ ನಮ್ಮ ಹಾಲು ಪರೀಕ್ಷಕರಿಗೆ ಜ್ವರ ಬಂತು. ಫ್ಯಾಟ್ ನೋಡುವ ಯಂತ್ರ ಮುಟ್ಟಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಬೀರುವಿನ ಕೀಲಿಯೂ ಅವರ ಮನೆಯಲ್ಲೇ. ಮೂರು ದಿನ ಅಂದಾಜಿನ ಮೇಲೆ ಹಾಲು ಬರೆದುಕೊಂಡೆವು. ಗಟ್ಟಿ ಹಾಲು ಹಾಕಿದ ಒಬ್ಬ ವಿಧವೆ ತಾಯಿ, "ನೀರು ಹಾಕಿದೋರಿಗೂ ನನಗೂ ಒಂದೇ ರೇಟಾ?" ಎಂದು ಕೇಳಿದರು. ಆಗ ಆಡಳಿತ ಮಂಡಳಿಯಲ್ಲಿದ್ದ ನನಗೆ ಉತ್ತರ ಹೊಳೆಯಲಿಲ್ಲ. ತಪ್ಪು ಪರೀಕ್ಷಕರದ್ದಲ್ಲ, ಎರಡನೆಯವರನ್ನು ತಯಾರು ಮಾಡದ ನಮ್ಮದು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು. ಈ ಬೆಳ್ಳಿಹಬ್ಬದ ವರ್ಷ ನಾವು ಮಾಡಬೇಕಾದ್ದು ಇಷ್ಟೇ: ಪ್ರತಿ ಕೆಲಸಕ್ಕೂ ಇಬ್ಬರು ಬಲ್ಲವರಿರಲಿ, ಕೀಲಿ ಎರಡು ಕಡೆ ಇರಲಿ, ಲೆಕ್ಕದ ಒಂದು ಪ್ರತಿ ಬೇರೆ ಜಾಗದಲ್ಲಿರಲಿ, ವರ್ಷಕ್ಕೆ ಒಂದು ದಿನ ಎರಡನೆಯವರೇ ಡೇರಿ ನಡೆಸಿ ನೋಡಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಮುಂದಿನ ರೋಗ ಯಾವಾಗ ಬರುತ್ತೋ ಯಾರೂ ಹೇಳಲಾರರು. ಬಂದ ದಿನವೂ ಬೆಳಿಗ್ಗೆ ಆರಕ್ಕೆ ಹಾಲು ಮಾತ್ರ ಬಂದೇ ಬರುತ್ತದೆ.